ಉಷ್ಣವಲಯದಲ್ಲಿ ಪರದೇಶೀಯ ನಿವೃತ್ತರ ವಾಸ: ಕರ್ನಾಟಕ

ಒಂದು ದೇಶದಲ್ಲಿ ಹುಟ್ಟಿ ಬೆಳೆದು, ಉದ್ಯೋಗದಿಂದ ವಿಶ್ರಾಂತಿ ಹೊಂದಿದ ತರುವಾಯ ಆಯುಷ್ಯದ ಶೇಷಭಾಗವನ್ನು ಕರ್ಕಾಟಕ ಮತ್ತು ಮಕರ ಸಂಕ್ರಾಂತಿವೃತ್ತಗಳ ನಡುವಣ ಬೇರೊಂದು ದೇಶದಲ್ಲಿ ಕಳೆಯುವ ಪದ್ಧತಿಯು ಆಧುನಿಕ ಕಾಲದಲ್ಲಿ ಪನಾಮಾ, ಥಾಯ್‌ಲೆಂಡ್, ಮಲೇಷ್ಯ, ಫಿಲಿಪ್ಪೀನ್ಸ್ ಮೊದಲಾದ ನಾಡುಗಳ ಹೆಸರಿನೊಂದಿಗೆ ಪ್ರಸಿದ್ಧವಾಗಿದ್ದರೂ, ಅದರ ಒಂದು ಹಳೆಯ ಮತ್ತು ಬೋಧಪ್ರದವಾದ ಉದಾಹರಣೆಯು ಕರ್ನಾಟಕದ ಚರಿತ್ರೆಯಲ್ಲಿಯೇ ಉಂಟು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಿಂದ ಭಾರತದ ಸ್ವಾತಂತ್ರ್ಯದವರೆಗೆ ಬ್ರಿಟಿಷ್ ಸೈನಿಕರು, ಅಧಿಕಾರಿಗಳು, ರೈಲ್ವೆ ಮತ್ತು ಗಣಿಗಳ ನೌಕರರು, ತೋಟದ ದೊರೆಗಳು, ಅವರ ಸಂತತಿಯವರಾದ ಆಂಗ್ಲೋ-ಇಂಡಿಯನ್ನರು ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಮಲೆನಾಡಿನ ಎಸ್ಟೇಟುಗಳಲ್ಲಿಯೂ ನಿವೃತ್ತಜೀವನಕ್ಕಾಗಿ ನೆಲೆಸಿದರು. ಅವರಲ್ಲಿ ಯಾರು ಬಂದರು, ಯಾರು ಹೋದರು, ಯಾರು ಉಳಿದರು ಎಂಬುದನ್ನು ಪರಿಶೀಲಿಸಿದರೆ, ಹವೆಯ ಗುಣವು ಇಂತಹ ವಾಸಕ್ಕೆ ಪ್ರೇರಣೆಯಾಗುವುದೇ ಹೊರತು ಆಧಾರವಾಗುವುದಿಲ್ಲವೆಂಬುದೂ, ಹಣದ ವಿನಿಮಯ, ಭೂಮಿಯ ಮೇಲಣ ಹಕ್ಕು, ಸ್ಥಳೀಯವಾದ ಒಂದು ಕೆಲಸ ಇವೇ ಅದನ್ನು ನಿರ್ಣಯಿಸುವುವೆಂಬುದೂ ಸ್ಪಷ್ಟವಾಗುತ್ತದೆ.

ಬಯಲುಸೀಮೆ

ಈ ವಿಷಯವನ್ನು ಅರಿಯಲು ಮೊದಲು ಯಾವ ಸೀಮೆಯಲ್ಲಿ ನಿವೃತ್ತರು ನೆಲೆಸಲಿಲ್ಲವೆಂಬುದನ್ನು ನೋಡುವುದು ಉಚಿತ. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಮೇಲಣ ಹೊಸಹಳ್ಳಿಯು ಕೂಡ್ಲಿಗಿ ತಾಲ್ಲೂಕಿನ ಒಂದು ಹೋಬಳಿಯ ಊರು. ಸುತ್ತಲಿನ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳೊಡನೆ ಇದು ಈಗ 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿದೆ. 1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲಗಳ ಭಾಗವಾಗಿದ್ದ ಈ ಪ್ರಾಂತವು 1953ರ ಅಕ್ಟೋಬರ್ 1ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಜೋಳ, ಸಜ್ಜೆ, ಶೇಂಗಾ ಬೆಳೆಯುವ ಕೆಂಪು ಮತ್ತು ಎರೆಯ ಹೊಲಗಳು, ಬಂಡೆಗುಡ್ಡಗಳು, ಜಾಲಿಯ ಮೆಳೆಗಳು, ಕರಡಿಗಳು ಅಡಗುವ ಗುಡೇಕೋಟೆಯ ಕಲ್ಲುಗವಿಗಳು, ಸಕಾಲಕ್ಕೆ ಬಾರದ ಮಳೆ, ಚೈತ್ರ ವೈಶಾಖಗಳಲ್ಲಿ ನಲವತ್ತು ಡಿಗ್ರಿ ಸೆಲ್ಸಿಯಸನ್ನು ಮುಟ್ಟುವ ಬಿಸಿಲು, ಇವು ಸೀಮೆಯ ಲಕ್ಷಣಗಳು. ಬಳ್ಳಾರಿಯಲ್ಲಿ ದೊಡ್ಡ ಯೂರೋಪೀಯ ಸೇನಾಠಾಣ್ಯವಿತ್ತು. ಕಲೆಕ್ಟರರೂ ಅವರ ಸಹಾಯಕರೂ ಜಮಾಬಂದಿಗಾಗಿ ಹಳ್ಳಿಹಳ್ಳಿಗೆ ಬಂದು ಡೇರೆ ಹಾಕುತ್ತಿದ್ದರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದಲೇ ಬಳ್ಳಾರಿಯಲ್ಲಿ ನಿಂತು ಕನ್ನಡ ಬೈಬಲಿನ ಅನುವಾದದಲ್ಲಿ ತೊಡಗಿದ್ದನು. ಆದರೆ ಸೇವಾವಧಿ ಮುಗಿದ ಬಳಿಕ ಈ ಬಯಲಿನಲ್ಲಿ ಮನೆ ಕಟ್ಟಿ ನಿಲ್ಲುವುದು ಅವರಲ್ಲಿ ರೂಢಿಯಾಗಲಿಲ್ಲ. ದುಡಿಯುವ ನೆಲ ಬೇರೆ, ವಿಶ್ರಮಿಸುವ ನೆಲ ಬೇರೆ ಎಂಬ ವಿಭಾಗವು ಆಗಲೇ ಸಿದ್ಧವಾಗಿತ್ತು.

ರಾಮನದುರ್ಗ

ಕೂಡ್ಲಿಗಿಯ ಉತ್ತರಕ್ಕೆ ಕಾಣುವ ಸಂಡೂರಿನ ಬೆಟ್ಟಸಾಲಿನಲ್ಲಿ, ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲಣ ರಾಮನದುರ್ಗವೆಂಬ ಸ್ಥಳವು ಈ ವಿಭಾಗದ ಮೊದಲ ಮೆಟ್ಟಿಲು. ಘೋರ್ಪಡೆ ಮನೆತನದ ಮರಾಠಾ ಅರಸರ ಅಧೀನದಲ್ಲಿದ್ದ ಸಂಡೂರು, ಚಿಕ್ಕದಾದರೂ ಪ್ರತ್ಯೇಕವಾದ ಸಂಸ್ಥಾನ. ಆದಕಾರಣ ಮದರಾಸು ಸರ್ಕಾರವು 1846ರಲ್ಲಿ ಅರಸನ ಒಪ್ಪಿಗೆಯನ್ನು ಪಡೆದು, ಬಳ್ಳಾರಿ ಮುಂತಾದ ಬಿಸಿಲಿನ ಠಾಣ್ಯಗಳಲ್ಲಿ ಕಾಯಿಲೆ ಬಿದ್ದ ಯೂರೋಪೀಯ ಸೈನಿಕರ ಆರೋಗ್ಯಧಾಮವನ್ನು ಅಲ್ಲಿ ಸ್ಥಾಪಿಸಿತು. ಬೇಸಗೆಯಲ್ಲಿ ಅಧಿಕಾರಿಗಳ ಕುಟುಂಬಗಳೂ ಬೆಟ್ಟ ಹತ್ತಿದವು, ಬಂಗಲೆಗಳು ಎದ್ದವು.

ನೀಲಗಿರಿಯ ಉದಕಮಂಡಲ, ಕೂನೂರುಗಳಂತೆ ಇದೂ ಒಂದು ನಿವೃತ್ತರ ಪಟ್ಟಣವಾಗುವ ಸಂಭವವಿತ್ತು, ಆಗಲಿಲ್ಲ. ಇದಕ್ಕೆ ಕಾರಣಗಳು ಹಲವು. ಬೆಟ್ಟದ ತಲೆ ಇಕ್ಕಟ್ಟು, ಬೇಸಾಯಕ್ಕೆ ಎಡೆಯಿಲ್ಲ. ಎತ್ತರವು ಉದಕಮಂಡಲದ ಎತ್ತರಕ್ಕೆ ಅರ್ಧದಷ್ಟೂ ಇಲ್ಲದ್ದರಿಂದ ಬೇಸಗೆಯ ಉಪಶಮನವೂ ಅಷ್ಟಕ್ಕಷ್ಟೆ. ನೆಲ ಪರರ ಸಂಸ್ಥಾನದ್ದು. ಅಲ್ಲಿ ಇರುವುದಕ್ಕೆ ಅನುಮತಿಯುಂಟು, ಒಡೆತನವಿಲ್ಲ. ರೈಲು ಬಂದಮೇಲೆ ದೂರದ, ಹೆಚ್ಚು ತಂಪಾದ ಗಿರಿಧಾಮಗಳು ಸುಲಭವಾಗಿ ಕೈಗೆಟುಕಿದವು. ದಂಡು ಕೆಳಗಿಳಿದ ಮೇಲೆ ರಾಮನದುರ್ಗದ ಬಂಗಲೆಗಳು ಹಾಳುಬಿದ್ದವು. ಅದೇ ಬೆಟ್ಟಸಾಲು ಇಪ್ಪತ್ತನೆಯ ಶತಮಾನದಲ್ಲಿ ಮ್ಯಾಂಗನೀಸು ಮತ್ತು ಕಬ್ಬಿಣದ ಅದಿರಿನ ನಿಮಿತ್ತ ಲೋಕಪ್ರಸಿದ್ಧವಾಯಿತು. ಸಂಸ್ಥಾನವು 1949ರಲ್ಲಿ ಮದರಾಸು ಪ್ರಾಂತದಲ್ಲಿ ವಿಲೀನಗೊಂಡಿತು.

ಬಳ್ಳಾರಿಯ ಮೂವರು

ಈ ಜಿಲ್ಲೆಯೊಡನೆ ನಿಕಟವಾಗಿದ್ದ ಮೂವರು ಪ್ರಸಿದ್ಧರ ಅಂತ್ಯಕಾಲವು ನಿವೃತ್ತಿಯ ಮೂರು ಬಗೆಗಳನ್ನು ತೋರಿಸುತ್ತದೆ. ದತ್ತಮಂಡಲಗಳ ಪ್ರಥಮ ಪ್ರಧಾನ ಕಲೆಕ್ಟರನಾಗಿ 1800ರಿಂದ 1807ರವರೆಗೆ ಪಾಳೆಯಗಾರರನ್ನು ಅಡಗಿಸಿ ರೈತವಾರಿ ಕಂದಾಯಕ್ಕೆ ತಳಹದಿ ಹಾಕಿದ, ಮೂವರಲ್ಲಿ ಮೊದಲನೆಯವನಾದ ಥಾಮಸ್ ಮನ್ರೋ, ಮುಂದೆ ಮದರಾಸಿನ ಗವರ್ನರನಾಗಿ, ಪದವಿಯಿಂದ ಬಿಡುಗಡೆ ಬೇಡಿ ಸ್ವದೇಶಕ್ಕೆ ಹೊರಡುವ ಸಿದ್ಧತೆಯಲ್ಲಿದ್ದಾಗ, ತನಗೆ ಪ್ರಿಯವಾಗಿದ್ದ ಈ ಸೀಮೆಯ ಜನರನ್ನು ಕೊನೆಯ ಬಾರಿ ಕಂಡುಬರಲೆಂದು ಪ್ರವಾಸ ಬಂದನು. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡನು. ನಿವೃತ್ತಿಯ ಹೊಸ್ತಿಲಲ್ಲಿ ಮರಣವೆಂಬುದು ಆ ಕಾಲದ ಯೂರೋಪೀಯರಿಗೆ ಅಪೂರ್ವವಾದ ಸಂಗತಿಯಾಗಿರಲಿಲ್ಲ. ಹಾಗೆಯೇ ಮೈಸೂರಿನ ಕಮಿಷನರನಾಗಿ 1834ರಿಂದ 1861ರವರೆಗೆ ಆಳಿದ ಮಾರ್ಕ್ ಕಬ್ಬನ್ ಕೂಡ ಸುಮಾರು ಅರವತ್ತು ವರ್ಷಗಳನ್ನು ಭಾರತದಲ್ಲಿ ಕಳೆದು, ವಿಶ್ರಾಂತಿ ಪಡೆದು ಊರಿಗೆ ಹೊರಟವನು, ದಾರಿಯಲ್ಲಿ ಸೂಯೆಜ್ ಮುಟ್ಟುವಷ್ಟರಲ್ಲಿ ಪ್ರಾಣಬಿಟ್ಟನು.

ಎರಡನೆಯವನು ರಾಬರ್ಟ್ ಸ್ಯೂವೆಲ್. ಬಳ್ಳಾರಿಯ ಕಲೆಕ್ಟರನಾಗಿದ್ದ ಈತ ನಿವೃತ್ತನಾಗಿ ಇಂಗ್ಲೆಂಡಿಗೆ ಮರಳಿ, 1900ರಲ್ಲಿ ವಿಜಯನಗರ ಸಾಮ್ರಾಜ್ಯವನ್ನು ಕುರಿತ ಪ್ರಖ್ಯಾತ ಗ್ರಂಥವನ್ನು ಪ್ರಕಟಿಸಿದನು. ದೇಹ ಸ್ವದೇಶದಲ್ಲಿದ್ದು ಬುದ್ಧಿಯು ಹಂಪೆಯಲ್ಲಿ ವ್ಯವಹರಿಸಿದ ಈ ಬಗೆಯ ನಿವೃತ್ತರಿಗೆ ಕನ್ನಡದ ವಿದ್ವತ್ತು ಬಹಳ ಋಣಿ. ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿ, ಕರ್ನಾಟಕದ ಶಾಸನಗಳಿಗೆ ಆಯುಷ್ಯವನ್ನು ಸಮರ್ಪಿಸಿದ ಲೂಯಿ ರೈಸ್ ಕೂಡ ನಿವೃತ್ತನಾದ ಮೇಲೆ ಇಂಗ್ಲೆಂಡಿನ ಹ್ಯಾರೋದಲ್ಲಿ ನೆಲೆಸಿ 1927ರಲ್ಲಿ ಕಾಲವಾದನು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಕಿಟ್ಟೆಲ್ ಜರ್ಮನಿಯ ಟ್ಯೂಬಿಂಗನ್ನಿನಲ್ಲಿ 1903ರಲ್ಲಿ ತೀರಿಕೊಂಡನು. ನಾಡಿನ ನುಡಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಇಲ್ಲಿ ಉಳಿಯಲಿಲ್ಲವೆಂಬುದು ಗಮನಾರ್ಹ. ಭಾಷಾಜ್ಞಾನವೊಂದೇ ವೃದ್ಧಾಪ್ಯದ ನೆಲೆಯನ್ನು ನಿಶ್ಚಯಿಸುವುದಿಲ್ಲ.

ಮೂರನೆಯವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ, 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿ ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದ ಈತ, ಬಳ್ಳಾರಿ ಜಿಲ್ಲೆಯ ಬಂಡೆಗಳನ್ನೂ ಬೂದಿದಿಬ್ಬಗಳನ್ನೂ ಸಂಡೂರಿನ ಅದಿರುಬೆಟ್ಟಗಳನ್ನೂ ಕಾಲ್ನಡೆಯಿಂದ ಶೋಧಿಸಿದವನು. 1891ರಲ್ಲಿ ಸರ್ಕಾರದ ಸೇವೆಯಿಂದ ನಿವೃತ್ತನಾದರೂ ಇಂಗ್ಲೆಂಡಿಗೆ ತೆರಳದೆ ಬರೋಡಾ ಮತ್ತು ಮೈಸೂರು ಸಂಸ್ಥಾನಗಳಿಗಾಗಿ ಭೂಶೋಧನೆ ನಡೆಸಿ, ಸೇಲಂ ಜಿಲ್ಲೆಯ ಏರ್ಕಾಡು ಬೆಟ್ಟದಲ್ಲಿ ಮನೆಮಾಡಿಕೊಂಡು, ತಾನು ಸಂಗ್ರಹಿಸಿದ ಶಿಲಾಯುಧ ಮತ್ತು ಮಡಕೆಚೂರುಗಳ ಪಟ್ಟಿ ಬರೆಯುವುದರಲ್ಲಿ ಮುಪ್ಪನ್ನು ಕಳೆದನು. 1912ರ ಡಿಸೆಂಬರ್ 29ರಂದು ಕಲ್ಕತ್ತದಲ್ಲಿ ಮಡಿದ ಈತನ ಸ್ಮಾರಕವು ಏರ್ಕಾಡಿನ ಚರ್ಚಿನಲ್ಲಿದೆ. ಸಂಗ್ರಹವು ಮದರಾಸಿನ ವಸ್ತುಸಂಗ್ರಹಾಲಯದಲ್ಲಿದೆ. ಉಳಿದವನು ಫುಟ್, ಅವನನ್ನು ಉಳಿಸಿದ್ದು, ಮುಗಿಯದೆ ಇದ್ದ ಕೆಲಸ.

ವೇತನ ಮತ್ತು ವಿನಿಮಯ

ಮೊದಮೊದಲು ಯೂರೋಪೀಯನು ಕಂಪನಿಯ ಪರವಾನಿಗಿಯಿಲ್ಲದೆ ಭಾರತದಲ್ಲಿ ಸ್ವತಂತ್ರವಾಗಿ ನೆಲೆಸುವಂತಿರಲಿಲ್ಲ. ಜಮೀನು ಕೊಳ್ಳುವಂತೆಯೂ ಇರಲಿಲ್ಲ. 1833ರ ಸನ್ನದು ಕಾನೂನು ಈ ನಿರ್ಬಂಧವನ್ನು ಸಡಿಲಿಸಿ, ವಾಸಕ್ಕೂ ಭೂಸ್ವಾಮ್ಯಕ್ಕೂ ಅವಕಾಶವಿತ್ತಿತು. ನಿವೃತ್ತರ ನೆಲೆಗಳು ಊರುಗಳಾಗಿ ಬೆಳೆಯಲು ಮಾರ್ಗವಾದದ್ದು ಇದರ ನಂತರವೇ.

ಹಣದ ಲೆಕ್ಕವು ಇನ್ನೂ ಪ್ರಬಲವಾದ ಕಾರಣ. ಉನ್ನತ ಸಿವಿಲ್ ಸೇವೆಯವರ ವಿಶ್ರಾಂತಿವೇತನವು ಪೌಂಡುಗಳಲ್ಲಿ ನಿಶ್ಚಿತವಾಗಿತ್ತು. ಅವರು ಸ್ವದೇಶಕ್ಕೆ ಹೋಗಿ ಸುಖವಾಗಿರಬಹುದಾಗಿತ್ತು. ಕೆಳದರ್ಜೆಯ ಅನೇಕರ ಪಿಂಚಣಿಯು ರೂಪಾಯಿಯಲ್ಲಿತ್ತು. 1870ರ ದಶಕದ ಆದಿಯಲ್ಲಿ ರೂಪಾಯಿಗೆ ಸುಮಾರು 2 ಷಿಲಿಂಗು ಬೆಲೆಯಿದ್ದಾಗ ತಿಂಗಳಿಗೆ 100 ರೂಪಾಯಿ ಪಡೆಯುವವನು ಇಂಗ್ಲೆಂಡಿನಲ್ಲಿ 10 ಪೌಂಡನ್ನು ಎಣಿಸಿಕೊಳ್ಳುತ್ತಿದ್ದನು. ತರುವಾಯ ಬೆಳ್ಳಿಯ ಬೆಲೆ ಜಗತ್ತಿನಲ್ಲೆಲ್ಲ ಕುಸಿಯಿತು. 1893ರಲ್ಲಿ ಟಂಕಸಾಲೆಗಳು ಸಾರ್ವಜನಿಕರ ಬೆಳ್ಳಿಗೆ ಮುಚ್ಚಲ್ಪಟ್ಟರೂ, 1894-95ರ ವೇಳೆಗೆ ರೂಪಾಯಿಯು ಸುಮಾರು 1 ಷಿಲಿಂಗು 1 ಪೆನ್ನಿಗೆ ಇಳಿದು, ಅದೇ 100 ರೂಪಾಯಿಗೆ ಐದೂವರೆ ಪೌಂಡಿಗಿಂತ ಕಡಿಮೆ ದೊರೆಯುವಂತಾಯಿತು. ಶತಮಾನದ ಕೊನೆಯಲ್ಲಿ ರೂಪಾಯಿಯು 1 ಷಿಲಿಂಗು 4 ಪೆನ್ಸಿನಲ್ಲಿ ನೆಲೆನಿಂತಾಗಲೂ ಕಳೆದುಹೋದ ಮೂರರಲ್ಲೊಂದು ಪಾಲು ಹಿಂತಿರುಗಲಿಲ್ಲ. ಬೆಂಗಳೂರಿನ ಪೇಟೆಯಲ್ಲಾದರೋ ಆ ರೂಪಾಯಿಯು ಮನೆಬಾಡಿಗೆ, ಆಳುಕಾಳು, ಹಾಲು ತುಪ್ಪಗಳಿಗೆ ಧಾರಾಳವಾಗಿ ಸಾಲುತ್ತಿತ್ತು. ಆದುದರಿಂದ ಸಾರ್ಜಂಟರು, ಗುಮಾಸ್ತರು, ರೈಲ್ವೆಯ ಗಾರ್ಡುಗಳು, ವಿಧವೆಯರು ಇಲ್ಲಿ ಉಳಿದದ್ದು ಹವೆಯ ಮೋಹದಿಂದ ಮಾತ್ರವಲ್ಲ. ಹೋದರೆ ದಾರಿದ್ರ್ಯ, ಇದ್ದರೆ ಮರ್ಯಾದೆ ಎಂಬ ಲೆಕ್ಕವೂ ಅದರ ಹಿಂದಿತ್ತು.

ಬೆಂಗಳೂರು ದಂಡು

ಶ್ರೀರಂಗಪಟ್ಟಣದ ಜ್ವರಕ್ಕೆ ಬೆದರಿದ ಬ್ರಿಟಿಷ್ ಸೇನೆಯು 1809ರಲ್ಲಿ ಸುಮಾರು 3,000 ಅಡಿ ಎತ್ತರದ ಬೆಂಗಳೂರಿಗೆ ಬಂದು ಹಲಸೂರಿನ ಸುತ್ತ ದಂಡನ್ನು ಸ್ಥಾಪಿಸಿತು. ಕೆಂಪೇಗೌಡನ ಪೇಟೆಯೂ ಈ ದಂಡೂ ನಡುವೆ ಮೈದಾನವನ್ನಿಟ್ಟುಕೊಂಡು ಎರಡು ಊರುಗಳಾಗಿ ಬೆಳೆದವು. 1864ರಲ್ಲಿ ಜೋಲಾರಪೇಟೆಯ ಮೂಲಕ ಮದರಾಸಿಗೆ ರೈಲು ಕೂಡಿದ ಮೇಲೆ ದಕ್ಷಿಣ ಭಾರತದ ಎಲ್ಲ ಠಾಣ್ಯಗಳಿಂದಲೂ ವಿಶ್ರಾಂತಿ ಪಡೆದವರು ಬರತೊಡಗಿದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡು ಪ್ರದೇಶವು ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ಬ್ರಿಟಿಷ್ ರೆಸಿಡೆಂಟನ ಕೈಯಲ್ಲಿ ಉಳಿಯಿತು. ಸಂಸ್ಥಾನದ ಒಡಲಿನಲ್ಲಿದ್ದುಕೊಂಡೇ ಬ್ರಿಟಿಷ್ ಕಾನೂನು, ಬ್ರಿಟಿಷ್ ನ್ಯಾಯಾಲಯ, ಬ್ರಿಟಿಷ್ ಪೊಲೀಸಿನ ಛತ್ರ ದೊರೆತದ್ದು ನಿವೃತ್ತರಿಗೆ ಹವೆಗಿಂತಲೂ ಹೆಚ್ಚಿನ ಆಕರ್ಷಣೆಯಾಗಿತ್ತೆನ್ನಬಹುದು. ಬೆಂಗಳೂರಿಗೆ ಪಿಂಚಣಿದಾರರ ಸ್ವರ್ಗವೆಂಬ ಹೆಸರು ಬಂದುದು ಹೀಗೆ.

ರಿಚ್ಮಂಡ್ ಟೌನ್, ಲ್ಯಾಂಗ್‌ಫರ್ಡ್ ಟೌನ್, ಬೆನ್ಸನ್ ಟೌನ್, 1898ರ ಪ್ಲೇಗಿನ ತರುವಾಯ ರೂಪುಗೊಂಡ ಫ್ರೇಜರ್ ಟೌನ್ ಮೊದಲಾದ ಬಡಾವಣೆಗಳಲ್ಲಿ ನಿವೃತ್ತನ ಮನೆಯು ಒಂದು ನಿಶ್ಚಿತವಾದ ಮಾದರಿಯನ್ನು ತಾಳಿತು. ಮುಂಗಡೆ ಕಂಬಗಳ ಜಗಲಿ. ಕಿಟಕಿಗಳ ಮೇಲೆ ಮಳೆಬಿಸಿಲುಗಳನ್ನು ತಡೆಯಲು ಚೂಪುತುದಿಯ ಮರದ ಪಟ್ಟಿಗಳನ್ನು ಜೋಡಿಸಿ ಮಾಡಿದ, ಜನರು ಮಂಕಿಟಾಪ್ ಎಂದು ಕರೆಯುವ ಮುಂಚಾಚು. ಮಂಗಳೂರು ಹೆಂಚಿನ ಅಥವಾ ಮದರಾಸು ತಾರಸಿಯ ಛಾವಣಿ. ಗುಲಾಬಿ ಮತ್ತು ಜರಿಗಿಡಗಳ ಕುಂಡಗಳು. ಹಿತ್ತಿಲಿನಲ್ಲಿ ಬೇರೆಯಾಗಿ ಕಟ್ಟಿದ ಅಡುಗೆಮನೆ, ಕುದುರೆಲಾಯ ಮತ್ತು ಆಳುಗಳ ಸಾಲುಮನೆ. ಸಣ್ಣ ಪಿಂಚಣಿದಾರನಿಗೂ ಒಬ್ಬ ಬಟ್ಲರ್, ಒಬ್ಬ ಆಯಾ, ಒಬ್ಬ ತೋಟದ ಮಾಲಿ, ವಾರಕ್ಕೊಮ್ಮೆ ಬರುವ ಅಗಸ ಇರುತ್ತಿದ್ದರು; ಅನುಕೂಲಸ್ಥನಿಗೆ ಕುದುರೆಯ ಕಾಸದಾರನೂ ಇದ್ದನು. ಬಟ್ಲರನ ಮಾತು ಹೆಚ್ಚಾಗಿ ತಮಿಳು, ಮಾಲಿಯದು ತೆಲುಗೋ ಕನ್ನಡವೋ. ದೊರೆಯ ಕಿವಿಗೆ ಬೀಳುತ್ತಿದ್ದುದು ಇವೆಲ್ಲ ಕಲೆತ ಒಂದು ಮುರುಕು ಇಂಗ್ಲಿಷ್. ಸುತ್ತಣ ಹಳ್ಳಿಗಳ ತಿಗಳರು ಕೋಸು, ಗಜ್ಜರಿ, ಬೀನ್ಸು ಮೊದಲಾದ ಸೀಮೆ ತರಕಾರಿಗಳನ್ನು ಬೆಳೆದು ದಂಡಿನ ಮಾರುಕಟ್ಟೆಗೆ ತರುತ್ತಿದ್ದರು. ಇಂದು ಕನ್ನಡಿಗರ ಮನೆಮನೆಯ ಹುಳಿಗೂ ಪಲ್ಯಕ್ಕೂ ಅವು ಸಲ್ಲುತ್ತವೆ.

ಇಷ್ಟಾದರೂ ಇದು ನಿರಾತಂಕವಾದ ಸ್ವರ್ಗವಾಗಿರಲಿಲ್ಲ. ಮಲೇರಿಯದ ರಹಸ್ಯವನ್ನು ಮುಂದೆ ಬಿಡಿಸಿದ ರೊನಾಲ್ಡ್ ರಾಸ್ 1895ರಲ್ಲಿ ಬೆಂಗಳೂರಿಗೆ ಕಳುಹಿಸಲ್ಪಟ್ಟದ್ದು ಕಾಲರಾ ನಿಗ್ರಹಕ್ಕಾಗಿ. 1898ರ ಪ್ಲೇಗು ಪೇಟೆಯನ್ನೂ ದಂಡನ್ನೂ ಸಮನಾಗಿ ನಡುಗಿಸಿತು. ಬೌರಿಂಗ್ ಆಸ್ಪತ್ರೆ, 1886ರಲ್ಲಿ ಸ್ಥಾಪಿತವಾದ ಸೇಂಟ್ ಮಾರ್ಥಾ ಆಸ್ಪತ್ರೆಗಳು ರೋಗಿಗಳಿಗೆ ಆಸರೆಯಾದವು. ಮಕ್ಕಳಿಲ್ಲದ, ಪಿಂಚಣಿ ಸಾಲದ ಮುದುಕರು ಏನಾಗಬೇಕೆಂಬ ಪ್ರಶ್ನೆಗೆ ಉತ್ತರವಾಗಿ ಫ್ರೆಂಡ್-ಇನ್-ನೀಡ್ ಸೊಸೈಟಿಯ ಆಶ್ರಯಗೃಹವೂ, ಹೊಸೂರು ರಸ್ತೆಯಲ್ಲಿ ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್ ಸಂನ್ಯಾಸಿನಿಯರ ವೃದ್ಧಾಶ್ರಮವೂ ಏರ್ಪಟ್ಟವು. ಅವಿಭಕ್ತ ಕುಟುಂಬದಲ್ಲಿ ಮುಪ್ಪನ್ನು ಕಳೆಯುವುದು ಸಹಜವಾಗಿದ್ದ ನಾಡಿನಲ್ಲಿ ವೃದ್ಧಾಶ್ರಮವೆಂಬ ಸಂಸ್ಥೆಯು ಮೊದಲು ಬೇಕಾದದ್ದು ಪರದೇಶೀಯ ನಿವೃತ್ತರಿಗೆ ಮತ್ತು ಅವರ ವಂಶದವರಿಗೆ.

ವೈಟ್‌ಫೀಲ್ಡ್

ಆಂಗ್ಲೋ-ಇಂಡಿಯನ್ನರ ಮುಖಂಡನಾದ ಡಿ. ಎಸ್. ವೈಟ್, ಗುಮಾಸ್ತಗಿರಿಯನ್ನೇ ನೆಚ್ಚಿದ ತನ್ನ ಸಮುದಾಯವು ನೆಲವನ್ನು ಹಿಡಿದು ಸ್ವಾವಲಂಬಿಯಾಗಬೇಕೆಂದು ಬಯಸಿದನು. ಅವನ ಸಂಘದ ಕೋರಿಕೆಯಂತೆ ಚಾಮರಾಜೇಂದ್ರ ಒಡೆಯರು 1882ರಲ್ಲಿ ಬೆಂಗಳೂರಿನ ಪೂರ್ವಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ನಡುವೆ ವೃತ್ತಾಕಾರದ ಮೈದಾನ, ಸುತ್ತ ಒಳವೃತ್ತ ಹೊರವೃತ್ತಗಳಾಗಿ ಮನೆಗಳು, ಪ್ರತಿ ಮನೆಗೆ ಹಣ್ಣಿನ ತೋಟ, ಆಚೆಗೆ ಹೊಲಗಳು ಎಂಬ ಅಂದವಾದ ವಿನ್ಯಾಸದಿಂದ ವೈಟ್‌ಫೀಲ್ಡ್ ಹುಟ್ಟಿತು. ಉದ್ದೇಶಿಸಿದ್ದು ತರುಣ ಬೇಸಾಯಗಾರರ ವಸಾಹತು; ಆದದ್ದು ನಿವೃತ್ತರ ಊರು. ನೀರಿನ ಅಭಾವ, ಬೇಸಾಯದ ಅನನುಭವ, ಬಂಡವಾಳದ ಕೊರತೆಗಳಿಂದ ವ್ಯವಸಾಯವು ಹಿಂದೆಬಿತ್ತು. ತರುಣರು ರೈಲ್ವೆ, ತಂತಿ ಇಲಾಖೆ, ಕೋಲಾರದ ಚಿನ್ನದ ಗಣಿಗಳಿಗೆ ಕೆಲಸಕ್ಕೆ ಹೋದರು. ಅದೇ ರೈಲ್ವೆ ಮತ್ತು ಗಣಿಗಳಿಂದ ವಿಶ್ರಾಂತಿ ಪಡೆದ ವೃದ್ಧರು ಊರಿಗೆ ಮರಳಿ ಬಂದರು. ಕೋಳಿ, ಹಸು, ದ್ರಾಕ್ಷಿಚಪ್ಪರ, ಭಾನುವಾರದ ಪ್ರಾರ್ಥನೆ, ಕ್ರಿಸ್ಮಸ್ಸಿನ ಕುಣಿತ ಇವುಗಳಿಂದ ಕೂಡಿದ ಒಂದು ಚಿಕ್ಕ ಲೋಕವು ಮೂರು ತಲೆಮಾರು ನಡೆಯಿತು. 1990ರ ದಶಕದಲ್ಲಿ ಮಾಹಿತಿ ತಂತ್ರಜ್ಞಾನದ ಕಟ್ಟಡಗಳು ಬಂದು, ಎಕರೆಗಟ್ಟಲೆ ತೋಟಗಳಿಗೆ ಊಹಾತೀತವಾದ ಬೆಲೆ ಕಟ್ಟಿದ ಮೇಲೆ, ಹಳೆಯ ಬಂಗಲೆಗಳಲ್ಲಿ ಉಳಿದವು ಅತ್ಯಲ್ಪ.

ಗಣಿ ಮತ್ತು ತೋಟ

ವಿಶ್ರಾಂತಿಯು ಕೆಲವರಿಗೆ ಹೊಸ ಉದ್ಯಮದ ಆರಂಭವಾಯಿತು. ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿ ಹೋರಾಡಿ ಸೇನೆಯಿಂದ ನಿವೃತ್ತನಾಗಿ ಬೆಂಗಳೂರು ದಂಡಿನಲ್ಲಿ ನೆಲೆಸಿದ ಐರಿಷ್ ಸೈನಿಕ ಮೈಕೇಲ್ ಲ್ಯಾವೆಲ್, ಕೋಲಾರದ ಸೀಮೆಯ ಹಳೆಯ ಚಿನ್ನದ ಕುಳಿಗಳ ವಿಷಯವನ್ನು ಓದಿ ತಿಳಿದು, 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ ಗಣಿಗಾರಿಕೆಯ ಹಕ್ಕನ್ನು ಸಂಪಾದಿಸಿದನು. ಆತನಿಂದ ಆ ಹಕ್ಕು ಇತರರ ಕೈಗೆ ದಾಟಿ, ಜಾನ್ ಟೇಲರ್ ಕಂಪನಿಯವರ ಆಡಳಿತದಲ್ಲಿ ಕೋಲಾರದ ಗಣಿಗಳು ಲೋಕವಿಖ್ಯಾತವಾದವು. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರನ್ನು ಉಳಿಸಿದೆ.

ಮಂಜರಾಬಾದ್, ಚಿಕ್ಕಮಗಳೂರು, ಕೊಡಗುಗಳ ಕಾಫಿ ತೋಟಗಾರರ ರೀತಿ ಬೇರೆ. 1850ರ ದಶಕದಲ್ಲಿ ಮಂಜರಾಬಾದಿನಲ್ಲಿ ತೋಟ ಮಾಡಿದ ರಾಬರ್ಟ್ ಎಚ್. ಎಲಿಯಟ್, ಸ್ಕಾಟ್ಲೆಂಡಿನಲ್ಲಿಯೂ ಜಮೀನುಳ್ಳವನಾಗಿ, ಎರಡೂ ನೆಲೆಗಳನ್ನು ಕಾಪಾಡಿಕೊಂಡು, 1894ರಲ್ಲಿ ಮೈಸೂರಿನ ಚಿನ್ನ, ಬೇಟೆ ಮತ್ತು ಕಾಫಿಯನ್ನು ಕುರಿತು ಪುಸ್ತಕ ಬರೆದನು. ಸೂಯೆಜ್ ಕಾಲುವೆ 1869ರಲ್ಲಿ ತೆರೆದು ಪ್ರಯಾಣವು ಕೆಲವೇ ವಾರಗಳದ್ದಾದ ಮೇಲೆ ಇಂತಹ ಎರಡು ಮನೆಗಳ ಜೀವನವು ಅನುಕೂಲಸ್ಥರಿಗೆ ಸಾಧ್ಯವಾಯಿತು. ಚಳಿಗಾಲವನ್ನು ಉಷ್ಣವಲಯದಲ್ಲಿಯೂ ಬೇಸಗೆಯನ್ನು ಸ್ವದೇಶದಲ್ಲಿಯೂ ಕಳೆಯುವ ಇಂದಿನ ನಿವೃತ್ತರ ಪದ್ಧತಿಗೆ ಇದು ಪೂರ್ವರೂಪ.

1947ರ ತರುವಾಯ

1947ರ ಜುಲೈನಲ್ಲಿ ದಂಡು ಪ್ರದೇಶವು ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆ ಮತ್ತು ದಂಡಿನ ಪುರಸಭೆಗಳು ಕೂಡಿ ಒಂದು ಕಾರ್ಪೊರೇಷನ್ನಾಯಿತು. ಹವೆ ಬದಲಾಗಲಿಲ್ಲ, ಗುಲಾಬಿಗಳು ಮೊದಲಿನಂತೆಯೇ ಅರಳಿದವು. ಆದರೂ ಕೆಲವೇ ವರ್ಷಗಳಲ್ಲಿ ಬ್ರಿಟಿಷ್ ನಿವೃತ್ತರಲ್ಲಿ ಬಹುಪಾಲಿನವರು ಮನೆಗಳನ್ನು ಮಾರಿ ಹೊರಟರು. ಆಂಗ್ಲೋ-ಇಂಡಿಯನ್ ಕುಟುಂಬಗಳು ಮೊದಲು ಇಂಗ್ಲೆಂಡಿಗೆ, ಮುಂದೆ ಆಸ್ಟ್ರೇಲಿಯ ಮತ್ತು ಕೆನಡಗಳಿಗೆ ವಲಸೆಹೋದವು. ಹವೆಯೊಂದೇ ಆಧಾರವಾಗಿದ್ದಲ್ಲಿ ಹೀಗಾಗಬೇಕಾದ್ದಿರಲಿಲ್ಲ. ಬೇರೆಯಾದ ಕಾನೂನಿನ ಛತ್ರ ಮತ್ತು ಬೇರೆಯಾದ ಅಂತಸ್ತು ಇವುಗಳ ಮೇಲೆ ನಿಂತಿದ್ದ ವಾಸವು, ಅವು ಜಾರಿದೊಡನೆ ಜಾರಿತು. ಕಾಫಿ ತೋಟಗಳೂ ಕ್ರಮೇಣ ಭಾರತೀಯರ ಕೈಸೇರಿದವು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾನೂನು ಪರದೇಶೀಯ ಒಡೆತನದ ಉಳಿದ ಭಾಗವನ್ನೂ ಸಂಕೋಚಗೊಳಿಸಿತು.

ಉಳಿದವರು ಕೆಲವರು, ಅವರಲ್ಲಿ ಇಬ್ಬರು ಸ್ಮರಣೀಯರು. ಜರ್ಮನಿಯ ಡ್ರೆಸ್ಡೆನ್ ಪ್ರಾಂತದಲ್ಲಿ 1865ರಲ್ಲಿ ಹುಟ್ಟಿದ ಗುಸ್ಟಾವ್ ಕ್ರುಂಬೀಗಲ್ ಬರೋಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗಿನ ಅಧೀಕ್ಷಕನಾಗಿ, ಒಂದರ ಹೂವು ಮುಗಿದಂತೆ ಇನ್ನೊಂದು ಅರಳುವ ಹಾಗೆ ಬೆಂಗಳೂರಿನ ಸಾಲುಮರಗಳನ್ನು ಆರಿಸಿ ನೆಡಿಸಿದವನು. 1932ರಲ್ಲಿ ನಿವೃತ್ತನಾದ ಮೇಲೂ ತೋಟಗಳ ವಿನ್ಯಾಸದಲ್ಲಿ ನಿರತನಾಗಿದ್ದು 1956ರಲ್ಲಿ ಬೆಂಗಳೂರಿನಲ್ಲಿಯೇ ಕಾಲವಾದನು. ಸಮಾಧಿಯು ಹೊಸೂರು ರಸ್ತೆಯ ಸ್ಮಶಾನದಲ್ಲಿದೆ. ಎರಡನೆಯವನು, 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಜನಿಸಿದ ಚಿತ್ರಕಾರ ಸ್ವೆಟೊಸ್ಲಾವ್ ರೋರಿಕ್. ಚಲನಚಿತ್ರ ನಟಿ ದೇವಿಕಾರಾಣಿಯನ್ನು 1945ರಲ್ಲಿ ವಿವಾಹವಾಗಿ, ಕನಕಪುರ ರಸ್ತೆಯ ತಾತಗುಣಿಯಲ್ಲಿ ಸುಗಂಧತೈಲದ ಮರಗಳ ವಿಶಾಲವಾದ ಎಸ್ಟೇಟನ್ನು ಬೆಳೆಸಿ, ಕರ್ನಾಟಕ ಚಿತ್ರಕಲಾ ಪರಿಷತ್ತಿನೊಡನೆ ಸಂಬಂಧವಿಟ್ಟುಕೊಂಡಿದ್ದ ಈತ 1993ರ ಜನವರಿಯಲ್ಲಿಯೂ, ಈಕೆ 1994ರ ಮಾರ್ಚಿನಲ್ಲಿಯೂ ತೀರಿಕೊಂಡರು. ಮಕ್ಕಳಿಲ್ಲದ ಈ ದಂಪತಿಗಳ ಆಸ್ತಿಯ ಬಗ್ಗೆ ವಿವಾದಗಳೆದ್ದುದರಿಂದ ರಾಜ್ಯವು 1996ರಲ್ಲಿ ವಿಶೇಷ ಕಾನೂನನ್ನೇ ಮಾಡಿ ಎಸ್ಟೇಟನ್ನು ವಶಪಡಿಸಿಕೊಂಡಿತು. ಅದರ ಸಿಂಧುತ್ವವನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಎತ್ತಿಹಿಡಿಯಿತು. ದೂರದೇಶದಲ್ಲಿ ಮುಪ್ಪಾದವರು ಮರಣಶಾಸನವನ್ನೂ ನಂಬಿಕಸ್ಥರಾದ ನಿರ್ವಾಹಕರನ್ನೂ ಸಕಾಲದಲ್ಲಿ ಏರ್ಪಡಿಸಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಇಂದಿನ ಸ್ಥಿತಿ

ಈಗ ಅನೇಕ ಉಷ್ಣವಲಯದ ರಾಷ್ಟ್ರಗಳು ಪರದೇಶೀಯ ಪಿಂಚಣಿದಾರರನ್ನು ಉದ್ದೇಶಪೂರ್ವಕವಾಗಿ ಆಹ್ವಾನಿಸುತ್ತವೆ. ಫಿಲಿಪ್ಪೀನ್ಸ್ 1985ರಲ್ಲಿಯೇ ಇದಕ್ಕಾಗಿ ಒಂದು ಪ್ರಾಧಿಕಾರವನ್ನು ಸ್ಥಾಪಿಸಿತು. ಮಲೇಷ್ಯ 2002ರಿಂದ ದೀರ್ಘಾವಧಿಯ ವಾಸಯೋಜನೆಯನ್ನು ನಡೆಸಿದೆ. ಥಾಯ್‌ಲೆಂಡಿನ ನಿವೃತ್ತವೀಸಾಕ್ಕೆ ಐವತ್ತು ವರ್ಷ ವಯಸ್ಸಾಗಿರಬೇಕು, 8 ಲಕ್ಷ ಬಾತ್ ಠೇವಣಿಯಾಗಲಿ ತತ್ಸಮಾನವಾದ ಆದಾಯವಾಗಲಿ ಇರಬೇಕು. ಭಾರತದಲ್ಲಿ ನಿವೃತ್ತರಿಗೆಂದೇ ಮೀಸಲಾದ ವೀಸಾ ಇಲ್ಲ. ನೂರೆಂಬತ್ತು ದಿನಗಳಿಗೆ ಮೀರಿದ ವೀಸಾದ ಮೇಲೆ ನೆಲೆಸುವ ವಿದೇಶೀಯನು ನೋಂದಣಿ ಅಧಿಕಾರಿಯಲ್ಲಿ ಹೆಸರು ಬರೆಸಬೇಕು. ಪ್ರವಾಸಿಯಾಗಿ ಬಂದವನು ಸ್ಥಿರಾಸ್ತಿ ಕೊಳ್ಳುವಂತಿಲ್ಲ. ಹೀಗಾಗಿ ಹೊಸಹಳ್ಳಿಗೆ ಸಮೀಪವಾದ ಹಂಪೆಯಲ್ಲಿ, ತುಂಗಭದ್ರೆಯ ಆಚೆಯ ವಿರೂಪಾಪುರಗಡ್ಡೆಯಲ್ಲಿ ವರ್ಷವರ್ಷವೂ ಚಳಿಗಾಲಕ್ಕೆ ಬಂದು ತಿಂಗಳುಗಟ್ಟಲೆ ತಂಗುತ್ತಿದ್ದ ವಿದೇಶೀಯರಿಗೆ ಅತಿಥಿಗಳೆಂಬುದರ ಹೊರತು ಬೇರೆ ಸ್ಥಾನವಿರಲಿಲ್ಲ. ಸಂರಕ್ಷಿತ ಪ್ರದೇಶದಲ್ಲಿ ಅಕ್ರಮವಾಗಿ ಎದ್ದಿದ್ದ ವಸತಿಗೃಹಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇರೆಗೆ 2020ರಲ್ಲಿ ಕೆಡವಿದಾಗ ಆ ವಾಸವೂ ಮುಗಿಯಿತು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯು, ಬಾಡಿಗೆಯ ಗುಡಿಸಲಿನಲ್ಲಿ ಕಾಯಂ ನೆಲೆಯನ್ನು ಕಲ್ಪಿಸಿಕೊಂಡವರಿಗೆ ಚೆನ್ನಾಗಿ ಒಪ್ಪುತ್ತದೆ.

ಇಂದು ಕರ್ನಾಟಕಕ್ಕೆ ನಿವೃತ್ತರಾಗಿ ಬರುವ ವಿದೇಶಿ ಪೌರರಲ್ಲಿ ಗಣನೀಯರಾದವರು ಇದೇ ನಾಡಿನ ಮಕ್ಕಳು. ಅಮೆರಿಕ, ಇಂಗ್ಲೆಂಡ್, ಕೆನಡಗಳ ಪೌರತ್ವವನ್ನು ಪಡೆದು, ವೃದ್ಧಾಪ್ಯದಲ್ಲಿ ಬೆಂಗಳೂರು ಮೈಸೂರುಗಳಿಗೆ ಹಿಂತಿರುಗುವವರು. ಭಾರತವು ದ್ವಿಪೌರತ್ವವನ್ನು ಒಪ್ಪದ ಕಾರಣ ಇವರಿಗಾಗಿ 2005ರಿಂದ ಸಾಗರೋತ್ತರ ಭಾರತೀಯ ಪೌರರೆಂಬ ಪ್ರತ್ಯೇಕ ಸ್ಥಾನವನ್ನು ಕಲ್ಪಿಸಲಾಗಿದೆ; ಇದರಿಂದ ಆಜೀವ ವಾಸಕ್ಕೆ ಅವಕಾಶವುಂಟು, ಮತದಾನಕ್ಕಿಲ್ಲ. ಇವರ ಲೆಕ್ಕವೂ ಹಿಂದಿನವರ ಲೆಕ್ಕದಂತೆಯೇ ವಿನಿಮಯವನ್ನು ಅವಲಂಬಿಸಿದೆ. ಅಮೆರಿಕದ ಸಾಮಾಜಿಕ ಭದ್ರತೆಯ ವೇತನವು ಭಾರತಕ್ಕೆ ಬರುತ್ತದೆ, ಅಲ್ಲಿನ ಮೆಡಿಕೇರ್ ಎಂಬ ವೈದ್ಯವಿಮೆ ಸಾಮಾನ್ಯವಾಗಿ ಬಾರದು. ಬ್ರಿಟನ್ನಿನ ಸರ್ಕಾರಿ ಪಿಂಚಣಿಯು ಭಾರತದಲ್ಲಿ ನೆಲೆಸಿದವನಿಗೆ ವರ್ಷವರ್ಷದ ಏರಿಕೆಯಿಲ್ಲದೆ ಮೊದಲಿನ ಮೊತ್ತದಲ್ಲಿಯೇ ನಿಂತುಬಿಡುತ್ತದೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾನೂನು ಹಿರಿಯ ನಾಗರಿಕನೆಂದರೆ ಅರವತ್ತು ತುಂಬಿದ ಭಾರತೀಯ ಪೌರನೆಂದು ನಿರೂಪಿಸುತ್ತದೆ. ಊರಿನ ಮಗನಾದರೂ ಪೌರತ್ವ ಬದಲಿಸಿದವನು ಆ ನಿರೂಪಣೆಯ ಹೊರಗೆ.

ಭೂಮಿಯ ವಿಷಯದಲ್ಲಿ ಈ ವ್ಯತ್ಯಾಸವು ಇನ್ನೂ ತೀಕ್ಷ್ಣವಾಗಿದೆ. ಸಾಗರೋತ್ತರ ಭಾರತೀಯನು ಪಟ್ಟಣದಲ್ಲಿ ಮನೆ ಕೊಳ್ಳಬಹುದು. ಕೃಷಿಭೂಮಿ, ತೋಟ, ಫಾರಂಮನೆಗಳನ್ನು ಕೊಳ್ಳುವಂತಿಲ್ಲ. ಇಲ್ಲಿ ನೆಲೆಸಿದ ತಂದೆಯಿಂದ ಪಿತ್ರಾರ್ಜಿತವಾಗಿ ಬಂದದ್ದನ್ನು ಉಳಿಸಿಕೊಳ್ಳಬಹುದು. ಆದುದರಿಂದ ಹೊಸಹಳ್ಳಿಯ ಹೋಬಳಿಯಲ್ಲಿ ಹುಟ್ಟಿ, ಪರದೇಶದ ಪೌರನಾಗಿ ದುಡಿದು ಮುಪ್ಪಿನಲ್ಲಿ ಮರಳುವವನೊಬ್ಬನು ತಂದೆಯ ಹೊಲದಲ್ಲಿ ಶೇಂಗಾ ಬಿತ್ತಿಸಬಹುದು, ಪಕ್ಕದ ಹೊಲವನ್ನು ಕ್ರಯಕ್ಕೆ ಪಡೆಯಲಾರನು. ಪರವಾನಿಗಿಯಿಲ್ಲದೆ ನೆಲ ಕೊಳ್ಳಬಾರದೆಂಬ ಕಂಪನಿಯ ಕಾಲದ ನಿರ್ಬಂಧವು ಯೂರೋಪೀಯನಿಗೆ 1833ರಲ್ಲಿ ತೊಲಗಿತು. ಅದಕ್ಕೆ ಸದೃಶವಾದ ನಿರ್ಬಂಧವನ್ನು ಇಂದು ಎದುರಿಸುವವನು ನಾಡಿಗೆ ಹಿಂತಿರುಗಿದ ಕನ್ನಡಿಗನೇ ಆಗಿರುವುದು, ನಿವೃತ್ತವಾಸದ ಪ್ರಶ್ನೆಯು ಹವೆಯದಾಗಿರುವುದಕ್ಕಿಂತ ಹಕ್ಕಿನದಾಗಿದೆಯೆಂಬುದನ್ನು ದೃಢಪಡಿಸುತ್ತದೆ.